ಸ್ಟೆಪ್ನಿ ಕನ್ನಡಕ

ಮೊದಲು ಬೆಲೆ ಹೇಳಿಬಿಡುತ್ತೇನೆ. ಕನ್ನಡಕಕ್ಕೆ ಆರುನೂರ ನಲವತ್ತೊಂಬತ್ತು ರೂಪಾಯಿ. ಕೂಪನ್ ಹಾಕಿದ ಮೇಲೆ ಐನೂರ ನಲವತ್ತೊಂಬತ್ತು. ಡೆಲಿವರಿ ಉಚಿತ, ಒರೆಸುವ ಬಟ್ಟೆ ಉಚಿತ. ಮಾನ ಹೋದದ್ದೂ ಉಚಿತವೇ, ಅದಕ್ಕೆ ಬೇರೆ ಬಿಲ್ಲು ಬರಲಿಲ್ಲ!

ಕೊಂಡದ್ದೇಕೆ ಎಂದರೆ, ವಡೋದರಾದ ಆಲ್ಕಾಪುರಿಯಲ್ಲಿ ನನ್ನದೊಂದು ಉಡುಪಿ ಹೋಟೆಲಿದೆ. ಒಂದು ದಿನ ಗಿರಾಕಿಯೊಬ್ಬರು ಬಿಲ್ಲು ಕೊಟ್ಟು, ಗಲ್ಲಾದ ಮೇಲಿದ್ದ ನನ್ನ ಕನ್ನಡಕವನ್ನು ತಮ್ಮದೆಂದು ಏರಿಸಿಕೊಂಡು ಸೂರತ್ ರೈಲು ಹತ್ತಿಬಿಟ್ಟರು. ಅವರದು ಅವರ ಜೇಬಿನಲ್ಲೇ ಇತ್ತಂತೆ! ನನ್ನದು ಕೊರಿಯರಿನಲ್ಲಿ ವಾಪಸು ಬರುವ ತನಕ ನಾನು ನೋಟುಗಳನ್ನು ಮೂಗಿಗೆ ತಾಗಿಸಿಕೊಂಡು ಎಣಿಸಿದೆ. 'ಅಣ್ಣಾ ನೋಟಿನ ಪರಿಮಳ ತೆಗೆದುಕೊಳ್ಳುತ್ತಾನೆ' ಎಂದು ಇಡೀ ಆಲ್ಕಾಪುರಿ ಆಡಿಕೊಂಡಿತು. ಆಗಲೇ ತೀರ್ಮಾನಿಸಿದೆ: ಸ್ಕೂಟರಿಗೆ ಸ್ಟೆಪ್ನಿ ಇರುವಂತೆ ಕಣ್ಣಿಗೂ ಒಂದು ಸ್ಟೆಪ್ನಿ ಬೇಕು.

ಪಕ್ಕದ ಅಂಗಡಿ ಜಿಗ್ನೇಶ್‌ಭಾಯಿಯದು. ಕನ್ನಡಕದ ವ್ಯಾಪಾರ. ಕಣ್ಣಿನ ಪರೀಕ್ಷೆ ಉಚಿತ ಎಂಬ ಬೋರ್ಡಿದೆ. ಪರೀಕ್ಷೆ ಮಾಡಿಸಿಕೊಂಡೆ. ಅವರ ಚಹಾವನ್ನೂ ಕುಡಿದೆ. ಆಮೇಲೆ ಬೆಲೆ ಕೇಳಿದೆ.

"ನಿಮಗಾಗಿ ಎರಡು ಸಾವಿರ, ಅಣ್ಣಾ."

"ಐನೂರು."

"ನಾನು ನಿಮ್ಮ ಹೋಟೆಲಿಗೆ ಬಂದು ಮಸಾಲೆ ದೋಸೆಗೆ ಇಪ್ಪತ್ತು ರೂಪಾಯಿ ಕೊಡ್ತೇನೆ ಅಂದ್ರೆ ಏನು ಮಾಡ್ತೀರಿ?"

"ದೋಸೆಗೆ ಅಕ್ಕಿ, ಉದ್ದು, ಬೆಣ್ಣೆ, ಗ್ಯಾಸು ಬೇಕು. ಇದಕ್ಕೆ ಎರಡು ಗಾಜು, ಒಂದು ಕಡ್ಡಿ!"

ಜಿಗ್ನೇಶ್‌ಭಾಯಿ ನನ್ನ ಕಣ್ಣಿನ ನಂಬರು ಬರೆದ ಚೀಟಿಯನ್ನು ನನ್ನ ಕೈಗೆ ಕೊಟ್ಟು, ಕೈ ಮುಗಿದು ಬಾಗಿಲು ತೋರಿಸಿದರು.

ಆ ರಾತ್ರಿಯೇ ಆನ್‌ಲೈನ್ ಅಂಗಡಿ ತೆರೆದೆ. ಚೀಟಿಯ ನಂಬರುಗಳನ್ನೆಲ್ಲ ತುಂಬಿದ ಮೇಲೆ ಅದು ಪಿ.ಡಿ. ಕೇಳಿತು. ಹಾಗೆಂದರೆ ಒಂದು ಕಣ್ಣಿನ ಗೊಂಬೆಯಿಂದ ಇನ್ನೊಂದಕ್ಕೆ ಇರುವ ದೂರ. ಚೀಟಿಯಲ್ಲಿ ಅದಿರಲಿಲ್ಲ. ಬೆಳಿಗ್ಗೆ ಹೋಗಿ ಕೇಳಿದರೆ ಜಿಗ್ನೇಶ್‌ಭಾಯಿ, "ಇದೆಯಲ್ಲ! ಚಶ್ಮಾ ತಗೊಂಡವರಿಗೆ ಅದರ ಜೊತೆ ಬರ್ತದೆ," ಎಂದು ಮುಗುಳ್ನಕ್ಕರು. ಎಂಥ ಮನುಷ್ಯ! ನನ್ನ ಎರಡು ಕಣ್ಣುಗಳ ನಡುವಿನ ಜಾಗವೂ ಇವರ ಸ್ವತ್ತೇ?

ಆನ್‌ಲೈನ್ ಅಂಗಡಿಯವರು ಅದಕ್ಕೂ ದಾರಿ ಇಟ್ಟಿದ್ದರು. ಬ್ಯಾಂಕಿನ ಕಾರ್ಡನ್ನು ಹಣೆಗೆ ಒತ್ತಿ ಹಿಡಿದು ಫೋಟೋ ತೆಗೆಯಬೇಕು. ಕಾರ್ಡಿನ ಅಗಲ ಅವರಿಗೆ ಗೊತ್ತಿರುವುದರಿಂದ ಕಣ್ಣಿನ ದೂರವನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಬ್ಯಾಂಕಿನ ಕಾರ್ಡನ್ನು ಕ್ಯಾಮೆರಾದ ಮುಂದೆ ಹಿಡಿಯಲು ನಾನೇನು ನಿನ್ನೆ ಊರಿನಿಂದ ಬಂದವನೇ? ನಮ್ಮ ಹೋಟೆಲಿನ ತಿಂಗಳ ಊಟದ ಕಾರ್ಡೊಂದನ್ನು ತೆಗೆದು ಹಣೆಗಿಟ್ಟುಕೊಂಡೆ. ಲ್ಯಾಮಿನೇಶನ್ ಮಾಡಿದ, ನೋಡಲು ಥೇಟ್ ಬ್ಯಾಂಕಿನದೇ ಅನ್ನಿಸುವ ಕಾರ್ಡು. ಪ್ರೆಸ್ಸಿನವನ ಬೆನ್ನ ಹಿಂದೆ ನಿಂತು, ಒಂದು ಹಾಳೆಯಲ್ಲಿ ಅವನು ಹೇಳಿದ್ದಕ್ಕಿಂತ ಹೆಚ್ಚು ಕಾರ್ಡು ಬರುವ ಹಾಗೆ ನಾನೇ ಕಟ್ ಮಾಡಿಸಿದ್ದು.

ಫೋಟೋ ತೆಗೆಯುತ್ತಿದ್ದ ಮಗಳು ನಿಧಿ ಕೇಳಿದಳು: "ಪಪ್ಪಾ, ಬ್ಯಾಂಕ್ ಕಾರ್ಡ್ ಅಂತ ಬರೆದಿದೆ. ಇದು ಚಲೇಗಾ ಕ್ಯಾ?"

"ಕಾರ್ಡೆಂದರೆ ಕಾರ್ಡು. ನೀನು ಒತ್ತು."

ಅಡುಗೆಮನೆಯಿಂದ ಹೆಂಡತಿ ಸುಗುಣಾ ಇಣುಕಿದಳು. "ಹಣೆಗೆ ಊಟದ ಕಾರ್ಡು ಅಂಟಿಸ್ಕೊಂಡು ಕೂತಿದ್ದೀರಲ್ಲ ಮಾರಾಯ್ರೆ, ಎಂತ ಹರಕೆ ಇದು?"

ಜಾಣರಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ.

ಕನ್ನಡಕ ಬಂತು. ಕನ್ನಡಿಯ ಮುಂದೆ ಒಮ್ಮೆ ಹಾಕಿ, ರೂಪ ನೋಡಿ, ಹೊಸತನ ಹಾಳಾಗದಿರಲೆಂದು ತಕ್ಷಣ ಡಬ್ಬಿಗೆ ಸೇರಿಸಿದೆ. ಸ್ಟೆಪ್ನಿಯನ್ನು ಯಾರಾದರೂ ಸುಮ್ಮನೆ ಓಡಿಸಿ ನೋಡುತ್ತಾರೆಯೇ? ವಾಪಸು ಕೊಡುವ ಗಡುವು ಡಬ್ಬಿಯೊಳಗೇ ಮುಗಿಯಿತು.

ಇನ್ನು ಆ ದಿನದ ವಿಷಯ. ಹತ್ತಿರದ ದೊಡ್ಡ ಕಚೇರಿಯೊಂದರ ಕ್ಯಾಂಟೀನ್ ಗುತ್ತಿಗೆಗೆ ನಾನು ಅರ್ಜಿ ಹಾಕಿದ್ದೆ. ಟೇಬಲ್ ಒರೆಸುವುದರಿಂದ ಶುರು ಮಾಡಿದವನಿಗೆ ಇಂಥ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ. ರುಚಿ ನೋಡಲು ಸಮಿತಿ ಬರುವುದಿತ್ತು. ಅಧ್ಯಕ್ಷರು ದವೆ ಸಾಹೇಬರು, ಮಹಾ ಶಿಸ್ತಿನ ಮನುಷ್ಯ. ಅಂದು ಬೆಳಿಗ್ಗೆ ವಡೆಯ ಹಿಟ್ಟಿನ ಹದ ನೋಡಲೆಂದು ಗ್ರೈಂಡರಿನ ಮೇಲೆ ಬಗ್ಗಿದೆ. ಮೂಗಿನಿಂದ ಜಾರಿದ ಕನ್ನಡಕ ಉದ್ದಿನೊಳಗೆ ಬಿತ್ತು. ಗ್ರೈಂಡರ್ ಭೇದಭಾವ ಮಾಡಲಿಲ್ಲ. ಹಿಟ್ಟಷ್ಟನ್ನೂ ಚೆಲ್ಲಿ, ಹೊಸದಾಗಿ ರುಬ್ಬಲು ಹಾಕಿಸಿ, ಸುಗುಣಾಳಿಗೆ ಎದೆ ತಟ್ಟಿ ಹೇಳಿದೆ: "ನೋಡಿದೆಯಾ? ಇದಕ್ಕೇ ಸ್ಟೆಪ್ನಿ ಬೇಕು ಅನ್ನೋದು!"

ಸ್ಟೆಪ್ನಿ ಏರಿಸಿದೆ. ಹೋಟೆಲಿನ ನೆಲ ಬಾಣಲೆಯಂತೆ ನಡುವೆ ತಗ್ಗಾಯಿತು. ಟೇಬಲುಗಳು ಹತ್ತಿರ ಬಂದವು, ಹಿಂದೆ ಸರಿದವು. ಹೊಸ ಕನ್ನಡಕ, ಕಣ್ಣು ಒಗ್ಗಬೇಕು ಎಂದುಕೊಂಡೆ. ಅಷ್ಟರಲ್ಲಿ ಸಮಿತಿ ಬಂದೇಬಿಟ್ಟಿತು. ಇಲ್ಲದ ಮೆಟ್ಟಿಲನ್ನು ಕಾಲೆತ್ತಿ ಹತ್ತುತ್ತಾ ಸ್ವಾಗತಿಸಲು ಹೋದೆ. ದವೆ ಸಾಹೇಬರ ಕೈ ಕುಲುಕಲು ಹೋಗಿ ಅವರ ಪಕ್ಕದ ಗಾಳಿಯನ್ನು ಕುಲುಕಿದೆ.

ಇಡ್ಲಿ ಎಲ್ಲರಿಗೂ ಹಿಡಿಸಿತು. ಸಾಂಬಾರಿಗೆ ಮತ್ತೊಂದು ಸುತ್ತು ಬೇಡಿಕೆ ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಾಫಿಯನ್ನು ನಾನೇ ಎಳೆಯಬೇಕೆಂದು ಹಟ ಹುಟ್ಟಿತು. ಲೋಟದಿಂದ ಬಟ್ಟಲಿಗೆ ಒಂದು ಮಾರು ಎತ್ತರದಿಂದ ಕಾಫಿ ಇಳಿಸುವುದರಲ್ಲಿ ನನ್ನ ಕೈ ಈವರೆಗೆ ಒಂದು ಹನಿ ಚೆಲ್ಲಿದ್ದಿಲ್ಲ.

"ನೋಡಿ ಸಾಹೇಬ್," ಎಂದು ಕೈ ಮೇಲೆತ್ತಿದೆ. ಕಾಫಿ ಸೊಗಸಾಗಿ ಇಳಿಯಿತು. ಬಟ್ಟಲಿಗಲ್ಲ. ದವೆ ಸಾಹೇಬರ ಬಿಳಿ ತೋಳಿಗೆ!

ಅವರು ಹಾರಿ ನಿಂತರು. ಪುಣ್ಯಕ್ಕೆ ಕಾಫಿ ಆರಿತ್ತು. ತೋಳು ಒರೆಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೂಗು ಮುಂದೆ ತಂದು ಒಮ್ಮೆ ಮೂಸಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಅಣ್ಣಾ, ನಿಮ್ಮ ಹತ್ತಿರ ಪರ್ಮಿಟ್ ಇದೆಯಾ?"

ಹೋಟೆಲಿನ ಪರ್ಮಿಟ್ಟೆಂದು ತಿಳಿದು ಗೋಡೆಯ ಲೈಸೆನ್ಸಿನತ್ತ ಬೆರಳು ಮಾಡಿದೆ. ಬೆರಳು ಕ್ಯಾಲೆಂಡರಿನತ್ತ ಹೋಯಿತು. ಸಮಿತಿಯವರು ಮುಖ ಮುಖ ನೋಡಿಕೊಂಡಾಗ ಹೊಳೆಯಿತು. ಕುಡಿಯುವ ಪರ್ಮಿಟ್! ಪಾನನಿಷೇಧದ ಗುಜರಾತಿನಲ್ಲಿ, ಬೆಳ್ಳಂಬೆಳಿಗ್ಗೆ, ದೇವರ ಫೋಟೋದ ಕೆಳಗೆ, ಕೆಮ್ಮಿನ ಸಿರಪ್ಪನ್ನೂ ಹೆದರಿ ಹೆದರಿ ಕುಡಿಯುವ ನನಗೆ!

"ಕನ್ನಡಕ, ಸಾಹೇಬ್! ಬರೀ ಕನ್ನಡಕ!" ಎಂದು ಕೂಗಿದೆ.

"ಎಲ್ಲರೂ ಹೀಗೆ ಏನಾದರೊಂದು ಹೇಳುತ್ತಾರೆ," ಎಂದರು ಅವರು.

ಸುಗುಣಾ ಪಕ್ಕದ ಅಂಗಡಿಗೆ ಓಡಿ ಜಿಗ್ನೇಶ್‌ಭಾಯಿಯನ್ನು ಕರೆತಂದಳು. ಅವರು ಕನ್ನಡಕವನ್ನು ಬೆಳಕಿಗೆ ಹಿಡಿದರು, ಸ್ಕೇಲಿಟ್ಟರು, ನನ್ನ ಮುಖ ನೋಡಿದರು. ಆಮೇಲೆ ಬಹಳ ಸಮಾಧಾನದಿಂದ ತೀರ್ಪಿತ್ತರು:

"ಅಣ್ಣಾ ಕುಡಿದಿಲ್ಲ. ಆದರೆ ಇದು ಮನುಷ್ಯರ ಅಳತೆ ಅಲ್ಲ. ಎಮ್ಮೆಗೆ ಸರಿಹೋಗಬಹುದು."

ದವೆ ಸಾಹೇಬರು ನಂಬಲಿಲ್ಲ. ಪರೀಕ್ಷಿಸಲು ತಾವೇ ಹಾಕಿಕೊಂಡು ನೆಲದ ಟೈಲ್ಸಿನ ಗೆರೆ ಹಿಡಿದು ನಡೆದರು. ಮೂರನೇ ಹೆಜ್ಜೆಗೆ ಕೈತೊಳೆಯುವ ಬೇಸಿನ್ನನ್ನು ಅಪ್ಪಿಕೊಂಡರು. ಉಳಿದವರಿಗೂ ಆಸೆಯಾಯಿತು. ಸ್ವಲ್ಪ ಹೊತ್ತಿನಲ್ಲಿ ಇಡೀ ಸಮಿತಿ ನನ್ನ ಹೋಟೆಲಿನಲ್ಲಿ ಸರದಿಯಂತೆ ತೂರಾಡಿತು. ನಿಧಿ ವಿಡಿಯೋ ಮಾಡುತ್ತಿರುವುದು ಕಂಡು ದವೆ ಸಾಹೇಬರು ಅವಸರದಲ್ಲಿ, "ಗುತ್ತಿಗೆ ನಿಮಗೇ," ಎಂದರು. "ಒಂದು ಷರತ್ತು. ಕಾಫಿ ನೀವು ಹಾಕಬಾರದು."

ಗೆದ್ದೆನೋ ಸೋತೆನೋ ತಿಳಿಯದ ಸಿಟ್ಟಿನಲ್ಲಿ ಆನ್‌ಲೈನ್ ಅಂಗಡಿಗೆ ಫೋನು ಮಾಡಿದೆ. ಗ್ರಾಹಕರ ಹಕ್ಕು, ನ್ಯಾಯಾಲಯ, ಮಾನನಷ್ಟ, ಏನನ್ನೂ ಬಿಡಲಿಲ್ಲ. ಆ ಕಡೆಯ ಹುಡುಗಿ ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಸರ್, ಫೋಟೋದಲ್ಲಿರುವ ಕಾರ್ಡನ್ನು ಬ್ಯಾಂಕ್ ಕಾರ್ಡಿನ ಮೇಲಿಟ್ಟು ಒಂದು ಫೋಟೋ ಕಳಿಸಿ."

"ಬೇಕಾದರೆ ಹತ್ತು ಕಳಿಸ್ತೇನೆ!" ಎಂದು ಗುಡುಗಿ, ಊಟದ ಕಾರ್ಡನ್ನು ಬ್ಯಾಂಕ್ ಕಾರ್ಡಿನ ಮೇಲಿಟ್ಟೆ. ಬ್ಯಾಂಕ್ ಕಾರ್ಡು ನಾಲ್ಕೂ ಕಡೆಯಿಂದ ಇಣುಕಿ ನೋಡಿತು. ಇಡ್ಲಿಯ ಮೇಲೆ ಬಿಸ್ಕತ್ತು ಇಟ್ಟ ಹಾಗೆ! ಕಾರ್ಡು ಚಿಕ್ಕದಾದಷ್ಟೂ ಕಂಪ್ಯೂಟರಿನ ಲೆಕ್ಕದಲ್ಲಿ ನನ್ನ ಕಣ್ಣುಗಳು ದೂರ ದೂರ ಹೋಗಿದ್ದವು.

ಫೋನಿನಲ್ಲಿ ಹುಡುಗಿ "ಸರ್? ಸರ್?" ಅನ್ನುತ್ತಿದ್ದಳು. ಸುಗುಣಾ ಬಗ್ಗಿ ಎರಡೂ ಕಾರ್ಡುಗಳನ್ನು ನೋಡಿದಳು. "ಕಾರ್ಡು ಕತ್ತರಿಸಿ ಎಷ್ಟು ಉಳಿಸಿದ್ರಿ ಅಂದ್ರಿ?"

ಫೋನಿಟ್ಟೆ. ಜಿಗ್ನೇಶ್‌ಭಾಯಿಯ ಅಂಗಡಿಗೆ ಹೋಗಿ ಎರಡು ಸಾವಿರ ಕೊಟ್ಟೆ. ಚೌಕಾಸಿ ಮಾಡಲಿಲ್ಲ. ಅವರಿಗೇ ಗಾಬರಿಯಾಗಿ ಚಹಾ ತರಿಸಿದರು.

ಈಗ ನಿಮಗೆ ನನ್ನ ಸಲಹೆ. ಆನ್‌ಲೈನಿನಲ್ಲಿ ಧಾರಾಳವಾಗಿ ಕೊಳ್ಳಿ, ತಪ್ಪೇನಿಲ್ಲ. ಆದರೆ ಪಿ.ಡಿ.ಯನ್ನು ಪರೀಕ್ಷೆ ಮಾಡುವವರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಅದನ್ನು ಕೇಳುವ ಮೊದಲು ಅವರ ಗಾಜನ್ನೂ ಕಡ್ಡಿಯನ್ನೂ ಹೀಯಾಳಿಸಬೇಡಿ. ಕಾರ್ಡು ಹಿಡಿಯಲೇಬೇಕಾದರೆ ಅವರು ಹೇಳಿದ ಕಾರ್ಡನ್ನೇ ಹಿಡಿಯಿರಿ. ನಂಬರಿನ ಭಯವಿದ್ದರೆ ಕಾರ್ಡನ್ನು ತಿರುಗಿಸಿ ಹಿಡಿದು, ಅಲ್ಲಿರುವ ನಂಬರಿನ ಮೇಲೊಂದು ಕಾಗದ ಅಂಟಿಸಿ. ಕನ್ನಡಕ ಬಂದ ದಿನವೇ ಹಾಕಿಕೊಂಡು ಮೆಟ್ಟಿಲು ಹತ್ತಿಳಿಯಿರಿ, ಲೋಟಕ್ಕೆ ನೀರು ಸುರಿದು ನೋಡಿ. ಬಿಳಿ ಅಂಗಿಯವರನ್ನು ಆಗ ದೂರವಿಡಿ.

ಆ ಸ್ಟೆಪ್ನಿ ಇನ್ನೂ ನನ್ನ ಗಲ್ಲಾದ ಡ್ರಾಯರಿನಲ್ಲಿದೆ, ಹೊಸದರಂತಿದೆ. ನಿಮ್ಮ ಪೈಕಿ ಕಣ್ಣುಗಳ ನಡುವೆ ಜಾಗ ಕೊಂಚ ಧಾರಾಳವಾಗಿರುವವರು ಯಾರಾದರೂ ಇದ್ದರೆ ಹೋಟೆಲಿನತ್ತ ಬನ್ನಿ. ಒರೆಸುವ ಬಟ್ಟೆಯನ್ನೂ ಸೇರಿಸಿ ಒಂದು ಬೆಲೆ ಮಾತಾಡೋಣ.