ವಿವಿಧ ಮಟ್ಟದವರ ಭೇಟಿ ಮತ್ತು ಅಕ್ಕನ ಗುಂಡಿ

ನಾನು ಮೊದಲ ಸಲ ಎದ್ದು ಹೊರಟಿದ್ದು ಏಳನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಬುಧವಾರ, ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಗಣಿತದ ಮೂರನೇ ಪ್ರಶ್ನೆಯಲ್ಲಿ ಒಂದು ತೊಟ್ಟಿಗೆ ಒಂದು ನಲ್ಲಿಯಿಂದ ನೀರು ಬರುತ್ತಿತ್ತು, ಇನ್ನೊಂದರಿಂದ ಹೋಗುತ್ತಿತ್ತು. ಅದನ್ನು ಓದುತ್ತ ಓದುತ್ತ ನನಗೆ ಬಾಯಾರಿಕೆಯಾಯಿತು. "ನೀರು ಕುಡಿದು ಬರ್ತೀನಿ ಸಾರ್" ಎಂದು ಮೇಷ್ಟ್ರಿಗೆ ಹೇಳಿ ಹೊರಬಂದೆ. ಇಪ್ಪತ್ತಾರು ವರ್ಷವಾಯಿತು, ಇನ್ನೂ ಹಿಂದಿರುಗಿಲ್ಲ. ಶಾಲೆಯ ದಾಖಲೆಯ ಪ್ರಕಾರ ನಾನು ಇವತ್ತಿಗೂ ನೀರು ಕುಡಿಯುತ್ತಿದ್ದೇನೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಂದೆ ಒಂದು ನಮೂನೆಯಲ್ಲಿ ಈ ವಿಷಯ ಬರುತ್ತದೆ.

ಆಮೇಲೆ ನಾನು ಲಾರಿ ತೊಳೆದೆ, ಗೋಡೆಗೆ ಬಣ್ಣ ಬಳಿದೆ, ನಾಲ್ಕು ವರ್ಷ ಶಾಮಿಯಾನ ಕಟ್ಟಿದೆ. ಒಂದು ಕೆಲಸ ಬಿಟ್ಟು ಇನ್ನೊಂದು ಸಿಗುವ ತನಕ ಅಕ್ಕನ ಮನೆಯಲ್ಲಿ ಬಿದ್ದಿರುತ್ತೇನೆ. ಅಕ್ಕ ದರ್ಜಿ. ಹತ್ತಡಿಗೆ ಹನ್ನೆರಡಡಿ ಅಂಗಡಿ, ಎರಡು ಹೊಲಿಗೆ ಯಂತ್ರ. ದೂರದ ಗಿರಾಕಿಗಳಿಗೆಂದು ಯಾರಿಂದಲೋ ಒಂದು ವೆಬ್ ಪುಟ ಮಾಡಿಸಿದ್ದಳು. ಮಾಡಿಕೊಟ್ಟ ಪುಣ್ಯಾತ್ಮ ಫೋನ್ ನಂಬರ್ ಬದಲಾಯಿಸಿಬಿಟ್ಟಿದ್ದ. ಪುಟದಲ್ಲಿ 'ಅಳತೆ ಕಳಿಸಿ' ಎಂಬ ಬಟನ್ ಇತ್ತು. ಅಂಗಿಯದಾಗಲಿ ಪುಟದ್ದಾಗಲಿ, ಅಕ್ಕ ಅದನ್ನು ಗುಂಡಿ ಎಂದೇ ಕರೆಯುತ್ತಾಳೆ. ಆ ಗುಂಡಿಯನ್ನು ಒತ್ತಿದರೆ ಏನೂ ಆಗುತ್ತಿರಲಿಲ್ಲ.

ಶಾಲೆ ತೆರೆಯಲು ಆರು ವಾರ ಉಳಿದಿತ್ತು. ಸಮವಸ್ತ್ರದ ಅಳತೆಗಳು ಬರುವ ಕಾಲ. ಎದುರುಗಡೆ ಸಿದ್ಧ ಉಡುಪಿನ ಅಂಗಡಿಯವನು ಆಗಲೇ ಬಾಗಿಲಿಗೆ ಬಲೂನು ಕಟ್ಟಿದ್ದ.

"ಈ ಸಲವೂ ಅಳತೆ ಬರ್ಲಿಲ್ಲ ಅಂದ್ರೆ ಎರಡನೇ ಯಂತ್ರ ಮಾರಿಬಿಡ್ತೀನಿ ಕಣೋ" ಅಂದಳು ಅಕ್ಕ. "ಊರಲ್ಲಿ ಈ ಕೆಲಸ ಬಲ್ಲೋರು ಬೇಕಾದಷ್ಟು ಜನ ಇದ್ದಾರಂತೆ. ಒಬ್ಬೊಬ್ಬರೂ ಒಂದೊಂದು ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂತಿರ್ತಾರೆ. ಎಲ್ರನ್ನೂ ಒಂದು ಕಡೆ ಸೇರಿಸಿ ಟೀ ಕೊಟ್ರೆ, ಯಾರಾದ್ರೂ ಒಬ್ರು ನನ್ನ ಗುಂಡಿ ನೋಡಲ್ವಾ?"

"ಅದ್ರಲ್ಲಿ ನಾನೇನು ಮಾಡ್ಲಿ?"

"ಕುರ್ಚಿ ಹಾಕೋಕೆ ಬರುತ್ತಲ್ಲ ನಿಂಗೆ?"

ಬರುತ್ತಿತ್ತು. ಹೀಗೆ ಆ ಊರಿನ ಮೊಟ್ಟಮೊದಲ ವೆಬ್ ಡೆವಲಪರ್‌ಗಳ ಭೇಟಿಗೆ ನಾನು ಸಂಚಾಲಕನಾದೆ.

ಆಹ್ವಾನ ಬರೆದುಕೊಟ್ಟವರನ್ನು ಎಲ್ಲರೂ ಹಿರಿಯರು ಎನ್ನುತ್ತಾರೆ. ಹದಿನಾಲ್ಕು ವರ್ಷದಿಂದ ವೆಬ್ ಪುಟ ಮಾಡುತ್ತಿರುವವರು. ಅವರ ಹೆಸರು ಯಾರೂ ಕೇಳುವುದಿಲ್ಲ, ಅಷ್ಟರಲ್ಲೇ ಅವರು ವರ್ಷ ಹೇಳಿರುತ್ತಾರೆ. "ಹೊಸಬರು ಹಳಬರು ಎಲ್ಲರೂ ಬನ್ನಿ ಅಂತ ಬರೆಯೋದಾ?" ಎಂದೆ. "ಅದು ಸಂತೆಗೆ ಕರೆದ ಹಾಗಾಗುತ್ತೆ" ಎಂದು ತಾವೇ ತಿದ್ದಿದರು: 'ವಿವಿಧ ಮಟ್ಟದ ವೆಬ್ ಡೆವಲಪರ್‌ಗಳ ಭೇಟಿ.' ಇದೇ ವಾಕ್ಯವನ್ನು ಅರ್ಜಿಗೂ ಇಳಿಸಿ ಪುರಭವನದ ಕಚೇರಿಗೆ ಹೋದೆ.

ಪುರಭವನದ ವ್ಯವಸ್ಥಾಪಕರು ಅರ್ಜಿಯನ್ನು ಬೆರಳಿಟ್ಟು ಓದಿದರು. ಬೆರಳು ಒಂದು ಕಡೆ ನಿಂತಿತು.

"ವಿವಿಧ ಮಟ್ಟದ ಅಂತ ಇದೆ."

"ಹೌದು ಸಾರ್."

"ನಮ್ಮ ಸಭಾಂಗಣಕ್ಕೆ ಇರೋದು ಒಂದೇ ಮಟ್ಟ." ಬಗ್ಗಿ ನೆಲ ತೋರಿಸಿದರು.

"ಅದು ನೆಲದ ಮಟ್ಟ ಅಲ್ಲ ಸಾರ್, ಜನರ ಮಟ್ಟ. ಕೆಲವರಿಗೆ ಕೆಲಸ ಜಾಸ್ತಿ ಬರುತ್ತೆ, ಕೆಲವರಿಗೆ ಕಡಿಮೆ."

"ನೋಡಿ, ಯಾರಿಗೆ ಏನು ಬರುತ್ತೆ ಅನ್ನೋದು ಈ ಕಚೇರಿಗೆ ಸಂಬಂಧ ಇಲ್ಲ. ಅರ್ಜೀಲಿ ಏನಿದ್ಯೋ ಅದು ನೆಲದ ಮೇಲಿರಬೇಕು. ನಾಳೆ ತಪಾಸಣೆಯೋರು ಬಂದು ವಿವಿಧ ಮಟ್ಟ ಎಲ್ರೀ ಅಂದ್ರೆ ಏನು ತೋರಿಸ್ಲಿ? ನನ್ನ ಹಣೇನಾ?"

"ಹಾಗಾದ್ರೆ ಆ ಪದ ಹೊಡೆದು ಹಾಕ್ತೀನಿ."

"ಚಿತ್ತು ಮಾಡಿದ ಅರ್ಜಿ ತಗೊಳಲ್ಲ."

"ಹೊಸದು ಬರೀತೀನಿ."

"ಒಂದು ಭೇಟಿಗೆ ಒಂದೇ ಅರ್ಜಿ."

ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಮೂರನೇ ದಿನ ಮಂಜೂರಾತಿ ಬಂತು: 'ಸದರಿ ಭೇಟಿಗೆ ನಾಲ್ಕಕ್ಕಿಂತ ಕಡಿಮೆಯಿಲ್ಲದಂತೆ ಮಟ್ಟಗಳನ್ನು ನಿರ್ಮಿಸತಕ್ಕದ್ದು. ಮಟ್ಟದಿಂದ ಮಟ್ಟಕ್ಕೆ ಎರಡೂವರೆ ಅಡಿ ಅಂತರವಿರತಕ್ಕದ್ದು. ಕಾರ್ಯಕ್ರಮ ನಡೆಯುವಾಗ ಒಂದು ಮಟ್ಟದವರು ಇನ್ನೊಂದು ಮಟ್ಟಕ್ಕೆ ಕಾಲಿಡತಕ್ಕದ್ದಲ್ಲ, ಜಾರಿ ಬೀಳುವ ಸಂಭವವಿರುತ್ತದೆ.'

ಇದನ್ನು ನೋಡಿ ಹಿರಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಅಂದುಕೊಂಡಿದ್ದೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡರು.

"ಹದಿನಾಲ್ಕು ವರ್ಷ ಆಯ್ತಪ್ಪ. ಕೊನೆಗೂ ಯಾರೋ ಒಬ್ರು ನಮ್ಮ ಕ್ಷೇತ್ರನ ಅರ್ಥ ಮಾಡ್ಕೊಂಡಿದ್ದಾರೆ."

ಬಡಗಿಯನ್ನು ಕರೆಸಿದೆ. ಆತ ಸಭಾಂಗಣದೊಳಗೆ ಹಲಗೆಗಳಿಂದ ಮೆಟ್ಟಿಲಿನ ಹಾಗೆ ಮೂರು ಅಟ್ಟಣೆ ಕಟ್ಟಿದ. ನೆಲವೇ ಒಂದನೇ ಮಟ್ಟ. ಪ್ರತಿ ಅಟ್ಟಣೆಯ ಮೇಲೂ ರಸಮಟ್ಟ ಇಟ್ಟು, ಒಳಗಿನ ಗುಳ್ಳೆ ನಡುವೆ ನಿಲ್ಲುವ ತನಕ ಹಲಗೆ ಕೆಳಗೆ ಚಕ್ಕೆ ತುರುಕಿದ. 'ಎಲ್ಲ ಮಟ್ಟಗಳೂ ಮಟ್ಟವಾಗಿವೆ' ಎಂದು ಪ್ರಮಾಣಪತ್ರ ಬರೆದುಕೊಟ್ಟ. ನಾಲ್ಕನೇ ಮಟ್ಟದಲ್ಲಿ ಕೂತವರ ತಲೆಗೆ ಫ್ಯಾನ್ ತಾಗುವಂತಿದ್ದುದರಿಂದ ಫ್ಯಾನ್ ಬಿಚ್ಚಿಸಲಾಯಿತು.

ಯಾರ ಮಟ್ಟ ಯಾವುದೆಂದು ತೀರ್ಮಾನಿಸಲು ಹಿರಿಯರು ಒಂದು ನಮೂನೆ ಮಾಡಿದರು. ಅದರಲ್ಲಿ 'ನಿಮ್ಮ ಮಟ್ಟ ನಿಮಗೆ ಗೊತ್ತೇ?' ಎಂಬ ಪ್ರಶ್ನೆಯಿತ್ತು. ಗೊತ್ತು ಎಂದವರನ್ನು ಅಹಂಕಾರದ ಕಾರಣಕ್ಕೆ ಕೆಳಗಿಳಿಸಲಾಯಿತು, ಗೊತ್ತಿಲ್ಲ ಎಂದವರನ್ನು ಅಜ್ಞಾನದ ಕಾರಣಕ್ಕೆ. ಉತ್ತರ ಬರೆಯದೆ ಬಿಟ್ಟ ಮೂವರಿಗೆ ಮೂರನೇ ಮಟ್ಟ ಸಿಕ್ಕಿತು. ನಾಲ್ಕನೇ ಮಟ್ಟಕ್ಕೆ ಹಿರಿಯರೊಬ್ಬರೇ ಅರ್ಹರೆಂದು ಹಿರಿಯರು ಕಂಡುಕೊಂಡರು.

ಸಂಚಾಲಕನಾದರೂ ನಾನೂ ನಮೂನೆ ತುಂಬಬೇಕಾಯಿತು. ವಿದ್ಯಾಭ್ಯಾಸ ಎಂಬಲ್ಲಿ ನಿಜವನ್ನೇ ಬರೆದೆ: 'ನೀರು ಕುಡಿಯಲು ಹೋಗಿರುತ್ತೇನೆ.' ಪರಿಶೀಲಿಸಿ ನನ್ನನ್ನು ಒಂದನೇ ಮಟ್ಟಕ್ಕಿಂತ ಕೆಳಗೆ ಎಂದು ಗುರುತಿಸಲಾಯಿತು. ಪುರಭವನದ ಬಾಗಿಲಾಚೆ ಒಂದು ಮೆಟ್ಟಿಲು ಕೆಳಗಿದೆ. ಅಲ್ಲಿ ನಿಲ್ಲುವುದೆಂದು ತೀರ್ಮಾನವಾಯಿತು. ಗಾಳಿ ಚೆನ್ನಾಗಿತ್ತು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಮೂವತ್ತೊಂದು ಜನ ಬಂದರು. ಮೇಲಿನವರೆಲ್ಲ ಏಣಿ ಹತ್ತಿ ಕೂತ ಮೇಲೆ, ನಿಯಮದಂತೆ ಏಣಿಯನ್ನು ತೆಗೆದು ನನ್ನ ಪಕ್ಕಕ್ಕೆ ತಂದಿಡಲಾಯಿತು. ಟೀ ಕೆಟಲನ್ನು ಹಗ್ಗ ಕಟ್ಟಿ ಮೇಲಕ್ಕೆಳೆದುಕೊಂಡರು. ನಾಲ್ಕನೇ ಮಟ್ಟ ಮುಟ್ಟುವ ಹೊತ್ತಿಗೆ ಅದರಲ್ಲಿ ಸೊಪ್ಪು ಮಾತ್ರ ಉಳಿದಿತ್ತು. ಫ್ಯಾನಿಲ್ಲದ ಹಿರಿಯರು ಬೆವರಿನಲ್ಲಿ ತೊಯ್ದು, ಆದರೂ ಗಂಭೀರವಾಗಿ, ಮುಕ್ಕಾಲು ಗಂಟೆ ಸ್ವಾಗತ ಭಾಷಣ ಮಾಡಿದರು. ಆಮೇಲೆ ಪ್ರಶ್ನೆಗಳಿಗೆ ಅವಕಾಶ ಎಂದರು.

ಅಕ್ಕ ನೆಲದಿಂದ ಎದ್ದು ನಿಂತಳು. ಹೊಸ ಸೀರೆ ಉಟ್ಟಿದ್ದಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯಲು ಮರೆತಿದ್ದಳು.

"ನಮ್ಮದು ಬಟ್ಟೆ ಹೊಲಿಯೋ ಅಂಗಡಿ. ಅದರ ಮುಖಪುಟದಲ್ಲಿ ಅಳತೆ ಕಳಿಸಿ ಅಂತ ಒಂದು ಗುಂಡಿ ಇದೆ. ಎಷ್ಟು ಒತ್ತಿದ್ರೂ ಏನೂ ಆಗಲ್ಲ. ಯಾಕೆ ಅಂತ ಯಾರಾದ್ರೂ ಹೇಳ್ತೀರಾ?"

ಏಳೂವರೆ ಅಡಿ ಎತ್ತರದಲ್ಲಿ ಹಿರಿಯರಿಗೆ ಇದು ಸ್ಪಷ್ಟವಾಗಿ ಕೇಳಿಸಿತು. ಅವರು ಗೋಡೆ ಕಡೆ ತಿರುಗಿ, "ಪ್ರಶ್ನೆ ಮಟ್ಟದಿಂದ ಮಟ್ಟಕ್ಕೆ ಲಿಖಿತವಾಗಿ ಬರಲಿ" ಎಂದರು.

ಎರಡನೇ ಮಟ್ಟದವರು ಬಗ್ಗಿ ಅಕ್ಕನಿಂದ ಕೇಳಿ ಬರೆದುಕೊಂಡರು: 'ದರ್ಜಿ ಅಂಗಡಿಯ ಮುಖಪುಟದಲ್ಲಿರುವ ಗುಂಡಿಯಿಂದ ಗಿರಾಕಿಗಳಿಗೆ ತೊಂದರೆ.' ಚೀಟಿ ಮೂರನೇ ಮಟ್ಟಕ್ಕೆ ಹೋಯಿತು. ಮೇಲೆ ಹೋದಂತೆ ಮಾತು ಕಡಿಮೆಯಾಗಬೇಕು, ಅದು ಅನುಭವದ ಲಕ್ಷಣ. ಅವರು ಅದನ್ನು ಅಡಕಗೊಳಿಸಿ ನಾಲ್ಕನೇ ಮಟ್ಟಕ್ಕೆ ಕಳಿಸಿದರು: 'ಅಂಗಡಿ ಮುಂದೆ ಗುಂಡಿ.'

ಹಿರಿಯರು ಚೀಟಿ ಓದಿ ಕಣ್ಣು ಮುಚ್ಚಿದರು. ಕಿವಿಯಾರೆ ಕೇಳಿದ್ದು ಒಂದು, ಕೈಗೆ ಬಂದ ಕಾಗದದಲ್ಲಿರುವುದು ಒಂದು. ಹೊಸಬರಾಗಿದ್ದರೆ ಕಿವಿಯನ್ನು ನಂಬಿಬಿಡುತ್ತಿದ್ದರು. ಹಿರಿಯರು ಕಾಗದದ ಕೆಳಗೆ ಬರೆದರು: 'ಅಪಾಯಕಾರಿ. ಪುರಭವನದ ಕಚೇರಿಯಿಂದ ಕೂಡಲೇ ಮಣ್ಣು ತರಿಸಿ ಮುಚ್ಚಿಸುವುದು.' ಮೂಲೆಯಲ್ಲಿ ನಿಂತಿದ್ದ ವ್ಯವಸ್ಥಾಪಕರು ಅಲ್ಲೇ ಮೊಹರು ಒತ್ತಿದರು. ಎಲ್ಲ ಮಟ್ಟಗಳೂ ಚಪ್ಪಾಳೆ ತಟ್ಟಿದವು.

ಅಕ್ಕ ಕೂತುಬಿಟ್ಟಳು. ಬಾಗಿಲಿನಿಂದ ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಆಗಲೇ ಎರಡನೇ ಯಂತ್ರವನ್ನು ಮಾರುತ್ತಿತ್ತು.

ಅವಳ ಪಕ್ಕದಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಹೆಂಗಸೊಬ್ಬರು ಕೂತಿದ್ದರು. ಮೂರು ವಾರದಿಂದ ಈ ವಿದ್ಯೆ ಕಲಿಯುತ್ತಿದ್ದವರು. ಅವರು ಲ್ಯಾಪ್‌ಟಾಪ್ ತೆರೆದು ಪಿಸುಗುಟ್ಟಿದರು. "ಅಕ್ಕೋರೇ, ಪಾಸ್‌ವರ್ಡ್ ಇದೆಯಾ?"

ಇತ್ತು. ಅಳತೆ ಪುಸ್ತಕದಲ್ಲಿ ಯಾರದೋ ಸೊಂಟಕ್ಕೂ ತೋಳಿಗೂ ನಡುವೆ ಬರೆದಿಟ್ಟಿದ್ದಳು.

"ಇಲ್ನೋಡಿ. ಈ ಅಂಗಿಯ ಚಿತ್ರ ಇದೆಯಲ್ಲ, ಇದರ ಅಂಚು ಗುಂಡಿ ಮೇಲೆ ಬಂದು ಮಲಗಿದೆ. ಕಣ್ಣಿಗೆ ಕಾಣಲ್ಲ. ನೀವು ಇಷ್ಟು ದಿನ ಗುಂಡಿ ಒತ್ತೇ ಇಲ್ಲ, ಚಿತ್ರ ಒತ್ತುತಾ ಇದ್ರಿ."

"ಅಯ್ಯೋ, ಗುಂಡಿ ಪಟ್ಟಿ ಮೇಲೆ ಲೈನಿಂಗ್ ಜಾರಿ ಬಂದ ಹಾಗೆ!"

"ಹೂಂ, ಅದೇ. ಸ್ವಲ್ಪ ಮೇಲೆ ಎತ್ತಿ ಹೊಲಿದುಬಿಡೋಣ."

ಒಂದು ನಿಮಿಷವಾಗಿರಬಹುದು. ನಾನು ಬಾಗಿಲಲ್ಲೇ ನಿಂತು ಫೋನಿನಲ್ಲಿ ಗುಂಡಿ ಒತ್ತಿದೆ. ಒಳಗೆ ಅಕ್ಕನ ಫೋನು ಟಿಣ್ ಎಂದಿತು. ಎರಡು ವರ್ಷದಲ್ಲಿ ಬಂದ ಮೊದಲ ಅಳತೆ. ಎಲ್ಲ ಮಟ್ಟಗಳೂ ಬಗ್ಗಿ ನೋಡಿದವು.

"ಯಾರು ಸರಿ ಮಾಡಿದ್ದು?" ಹಿರಿಯರು ಮೇಲಿನಿಂದ ಕೇಳಿದರು.

"ನಾನೇ ಸಾರ್" ಎಂದರು ಕ್ಲಿನಿಕ್ಕಿನ ಹೆಂಗಸು.

"ಒಂದನೇ ಮಟ್ಟದೋರಿಗೆ ಪ್ರಶ್ನೆ ಕೇಳೋ ಹಕ್ಕು ಇದೆ, ಉತ್ತರ ಕೊಡೋ ಹಕ್ಕಿಲ್ಲ. ಮೊದಲು ಹೇಗೆ ಕೆಟ್ಟಿತ್ತೋ ಹಾಗೇ ಕೆಡಿಸಿ ಇಡಿ."

"ಕೆಡಿಸೋದು ಮುಂದಿನ ಪಾಠದಲ್ಲಿ ಬರುತ್ತೆ ಸಾರ್. ಇನ್ನೂ ಮೂರೇ ವಾರ ಆಗಿರೋದು."

ಇದು ಒಪ್ಪತಕ್ಕ ಮಾತಾಗಿತ್ತು. ಮೂರನೇ ಮಟ್ಟದವರು ಕೆಡಿಸಬಲ್ಲವರಾಗಿದ್ದರು, ಆದರೆ ಅವರು ಕೆಳಗಿಳಿಯುವಂತಿರಲಿಲ್ಲ. ಚರ್ಚಿಸಿ ಹೊರಡಿಸಿದ ಪ್ರಕಟಣೆ ಹೀಗಿತ್ತು: 'ಸದರಿ ಗುಂಡಿ ಕೆಲಸ ಮಾಡುತ್ತಿರುವುದು ಈ ಸಭೆಯ ಗಮನಕ್ಕೆ ಬಂದಿರುವುದಿಲ್ಲ. ಮುಂದಿನ ಭೇಟಿಯಲ್ಲಿ ತಕ್ಕ ಮಟ್ಟದಿಂದ ಪರಿಹಾರ ದೊರೆಯುವವರೆಗೆ ಅದು ಕೆಟ್ಟಿದೆಯೆಂದೇ ಭಾವಿಸತಕ್ಕದ್ದು. ಈ ವಿಷಯವನ್ನು ಗುಂಡಿಯ ಕೆಳಗೆ ನಮೂದಿಸತಕ್ಕದ್ದು.'

"ಬರೆದ್ರೆ ಸಾಕಲ್ಲ?" ಅಕ್ಕ ಕೇಳಿದಳು. "ಒತ್ತೋಕೆ ಅಡ್ಡಿ ಇಲ್ವಲ್ಲ?"

ವ್ಯವಸ್ಥಾಪಕರು ನಿಯಮ ತಿರುವಿ ಹಾಕಿದರು. ಒತ್ತುವ ಬಗ್ಗೆ ಎಲ್ಲೂ ಏನೂ ಇರಲಿಲ್ಲ. ಅಂದೇ ಸಂಜೆ ಪುಟದಲ್ಲಿ ಗುಂಡಿಯ ಕೆಳಗೆ ಹೊಸ ಸಾಲು ಬಂತು: 'ಈ ಗುಂಡಿ ಅಧಿಕೃತವಾಗಿ ಕೆಲಸ ಮಾಡುವುದಿಲ್ಲ. ದಯವಿಟ್ಟು ಒತ್ತಿ.'

ಮಂಗಳವಾರ ಮಣ್ಣು ಹೊತ್ತ ಟಿಪ್ಪರ್ ಬಂದು ಅಂಗಡಿ ಮುಂದೆ ನಿಂತಿತು.

"ಗುಂಡಿ ಎಲ್ಲಮ್ಮಾ?" ಡ್ರೈವರ್ ಕೇಳಿದ.

ಅಕ್ಕ ಫೋನ್ ತೋರಿಸಿದಳು. ಆತ ತುಂಬಾ ಹೊತ್ತು ನೋಡಿದ. "ಇದರೊಳಗೆ ಎರಡು ಲೋಡು ಹಿಡಿಯಲ್ಲ."

ವ್ಯವಸ್ಥಾಪಕರಿಗೆ ಫೋನಾಯಿತು. ಮುಚ್ಚಲು ಆದೇಶವಿದೆ, ತೋಡಲು ಆದೇಶವಿಲ್ಲ, ಆದ್ದರಿಂದ ಗುಂಡಿ ಈಗಾಗಲೇ ತುಂಬಿದೆಯೆಂದು ತಿಳಿದು ಅದರ ಮೇಲೆ ಸುರಿಯಬೇಕು ಎಂದರು. ಸುರಿದರು. ಬಡಗಿ ಬಂದು ರಸಮಟ್ಟ ಹಿಡಿದು ಸಮ ಮಾಡಿದ. ಸರಿಯಾಗಿ ಎರಡೂವರೆ ಅಡಿ. ಈಗ ಅಂಗಡಿಗೆ ಬರುವವರು ಮಣ್ಣಿನ ದಿಬ್ಬ ಹತ್ತಿ ಬರುತ್ತಾರೆ, ಬೀದಿಯಲ್ಲಿ ಅವರನ್ನು ಎರಡನೇ ಮಟ್ಟದವರು ಎಂದು ಗೌರವದಿಂದ ನೋಡುತ್ತಾರೆ. ಎದುರಿನ ಬಲೂನಿನವನು ತನ್ನ ಅಂಗಡಿ ಮುಂದೂ ಒಂದು ಗುಂಡಿ ಮಂಜೂರು ಮಾಡಿ ಮುಚ್ಚಿಸಿಕೊಡಬೇಕೆಂದು ಅರ್ಜಿ ಹಾಕಿದ್ದಾನೆ.

ಹತ್ತು ದಿನದಲ್ಲಿ ಅರವತ್ತೆರಡು ಅಳತೆ ಬಂದವು. ಎರಡನೇ ಯಂತ್ರ ಬೆಳಗ್ಗೆಯಿಂದ ಗರಗರ ಎನ್ನುತ್ತಿದೆ.

ನಿನ್ನೆ ನನಗೆ ಎರಡು ಕಾಗದ ಬಂದವು. ಮೊದಲನೆಯದು ಪುರಭವನದ್ದು. ಮುಂದಿನ ಭೇಟಿಗೆ ಆರು ಮಟ್ಟಗಳಿರುತ್ತವೆ, ಚಾವಣಿ ಎತ್ತರಿಸುವ ಕೆಲಸ ನಡೆದಿದೆ, ನನ್ನನ್ನು ಖಾಯಂ ಸಂಚಾಲಕನನ್ನಾಗಿ ನೇಮಿಸಲಾಗಿದೆ, ವಿದ್ಯಾಭ್ಯಾಸದ ದೃಢೀಕರಣಕ್ಕಾಗಿ ಶಾಲೆಗೆ ಬರೆಯಲಾಗಿದೆ. ಎರಡನೆಯದು ಶಾಲೆಯದು: 'ಸದರಿ ವಿದ್ಯಾರ್ಥಿಯು ನೀರು ಕುಡಿದು ಬಂದ ಕೂಡಲೇ ಪರೀಕ್ಷೆ ಮುಂದುವರಿಸಲಾಗುವುದು. ಪ್ರಶ್ನೆಪತ್ರಿಕೆಯನ್ನು ಕಾದಿರಿಸಲಾಗಿದೆ. ಇನ್ನು ಐವತ್ತು ನಿಮಿಷ ಬಾಕಿ ಇರುತ್ತದೆ.'

ಎರಡು ಅಂಗಿ, ಒಂದು ಪ್ಯಾಂಟು, ಹೊದಿಕೆ ಚೀಲಕ್ಕೆ ತುರುಕುತ್ತಿದ್ದೇನೆ. ಅಕ್ಕ ಯಂತ್ರದಿಂದ ಕಾಲೆತ್ತದೆ ಕೇಳಿದಳು.

"ಎಲ್ಲಿಗೋ?"

"ನೀರು ಕುಡಿದು ಬರ್ತೀನಿ ಅಕ್ಕ."

"ಬಾಟ್ಲಿ ತಗೊಂಡು ಹೋಗು." ದಾರ ಹಲ್ಲಲ್ಲಿ ಕಚ್ಚಿ ತುಂಡು ಮಾಡಿದಳು. "ಅಳತೆನಾದ್ರೂ ಕೊಟ್ಟು ಹೋಗೋ, ಬರೋ ಹೊತ್ತಿಗೆ ಅಂಗಿ ಹೊಲಿದಿಟ್ಟಿರ್ತೀನಿ."

"ಎಲ್ಲಿಂದಾದ್ರೂ ಗುಂಡಿ ಒತ್ತಿ ಕಳಿಸ್ತೀನಿ."

"ಅದು ಕೆಲಸ ಮಾಡಲ್ವಲ್ಲೋ" ಅಂದಳು ಅಕ್ಕ, ಮುಖದ ಒಂದು ಗೆರೆಯೂ ಅಲುಗದ ಹಾಗೆ.

"ಗೊತ್ತು. ಒತ್ತಿ ಕಳಿಸ್ತೀನಿ" ಎಂದು ಚೀಲದ ಬಾಯಿ ಬಿಗಿದೆ.