ಮುರಿಗೆಪ್ಪನ ಪಾದರಕ್ಷಾವಿಜಯ

ಗಿರಿಗಳಿಗೆಲ್ಲ ಒಡೆಯನಾದ ಶ್ರೀಶೈಲದ ಮಲ್ಲಯ್ಯನೆ, ಡಾಂಬರು ಕರಗಿಸುವ ಬಿಸಿಲನ್ನೂ ಅದರ ಮೇಲೆ ನಡೆಯುವ ಭಕ್ತರನ್ನೂ ಒಂದೇ ಕೈಯಿಂದ ಸೃಷ್ಟಿಸಿದವನೆ, ಈ ಕಥೆಗೆ ಬಲ ಕೊಡು. ಊರ ಬಾವಿಗಳು ಬತ್ತಿ ಜನರ ಜಂಬ ಮಾತ್ರ ತುಂಬಿ ತುಳುಕುತ್ತಿದ್ದ ಯುಗದಲ್ಲಿ, ಹಿಟ್ಟಿನಗಿರಣಿಯ ಅಧಿಪತಿಯೂ ಸ್ವಮತೈಕನಿಷ್ಠನೂ ಪರಬುದ್ಧಿವಾದವಿದ್ವೇಷಿಯೂ ಆದ ಮುರಿಗೆಪ್ಪನೆಂಬ ವೀರನು ಒಂದು ಜೊತೆ ಮೆಟ್ಟು ಆರಿಸಿದ ಮಹಾಚರಿತೆಯಿದು.

ಗಿರಣಿಯ ಬೆಲ್ಟಿಗೆ ಸಿಕ್ಕ ಗಂಡನ ಬಲಗೈ ಉಳಿದರೆ ಐದು ವರ್ಷ ಶ್ರೀಶೈಲಕ್ಕೆ ನಡೆದು ಬರುತ್ತೇನೆಂದು ಅವನ ಹೆಂಡತಿ ಪಾರವ್ವ ಹರಕೆ ಹೊತ್ತಿದ್ದಳು. ಕೈ ಉಳಿಯಿತು. ನಾಲ್ಕು ಸಲ ನಡೆದಳು. ಐದನೆಯದಕ್ಕೆ ಮೊದಲೇ, ಶ್ರಾವಣದಲ್ಲಿ, ಶಿವನ ಪಾದ ಸೇರಿದಳು. ಉಳಿದೊಂದು ನಡಿಗೆಯನ್ನು ತಾನೇ ತೀರಿಸದಿದ್ದರೆ ಅವಳ ಮಾತು ಅರ್ಧಕ್ಕೆ ನಿಲ್ಲುವುದೆಂದು ಮುರಿಗೆಪ್ಪ ಎದ್ದು ನಿಂತ. ನಿಂತವನು ನೇರವಾಗಿ ಬೂಟಿನಂಗಡಿಗೆ ದಂಡೆತ್ತಿ ಹೋದ.

ಅಲ್ಲಿ ಕಪಾಟುಗಳೆಂಬ ಕೋಟೆಗಳಿಂದ ಪಾದರಕ್ಷೆಗಳ ಸೇನೆ ಇಳಿದು ಬಂತು. ಕಿತ್ತಳೆ ಪಟ್ಟಿಯ, ಮೋಡದಂಥ ಅಟ್ಟೆಯ, ಶ್ವೇತವರ್ಣದ ಒಂದು ಜೊತೆಯನ್ನು ವೀರನು ವರಿಸಿದ.

“ಯಜಮಾನ್ರ, ಒಂದು ನಂಬರ್ ದೊಡ್ಡದು ಕೊಡ್ಲೇನ್ರಿ?” ಎಂದ ಅಂಗಡಿಯವ.

“ಯಾಕ? ಉಳಿದ ಜಾಗಾದಾಗ ಬಾಡಿಗಿ ಮಂದಿ ಇಡಲೇನು?”

ಮನೆಯಲ್ಲಿ ನಾದಿನಿ ನೀಲವ್ವ ಕಾದಿದ್ದಳು. ಅಕ್ಕನ ಜೊತೆ ನಾಲ್ಕು ಸಲವೂ ನಡೆದವಳು. ಅವಳು ಅವನ ಮುಂದಿಟ್ಟದ್ದು ಪಾರವ್ವ ಮೆಟ್ಟಿ ಹೋಗುತ್ತಿದ್ದ ಚಪ್ಪಲಿಗಳನ್ನು. ನಿಜ ಹೇಳಬೇಕೆಂದರೆ ಅವು ಮುರಿಗೆಪ್ಪನವೇ. ಗಿರಣಿಯಲ್ಲಿ ಎಳೆದಾಡಿ, ಸಡಿಲಾಗಿ, ಅವನು ಎಸೆದಿದ್ದ ಟೈರಿನ ಅಟ್ಟೆಯವು. ಪಾರವ್ವ ಅವನ್ನು ಹಳೆಯ ಸೀರೆಯ ಪಟ್ಟಿಯಿಂದ ಕಾಲಿಗೆ ಕಟ್ಟಿಕೊಂಡು ಹೊರಡುತ್ತಿದ್ದಳು. ‘ಗಂಡ ಚಪ್ಪಲಿ ಕೊಡಸಲಿಲ್ಲಂತ ಮಂದಿ ನಗ್ತಾರ’ ಎಂದು ನಾಲ್ಕು ಸಲವೂ ಅವನು ಬೈದದ್ದುಂಟು.

“ಮಾವಾರ, ಅಕ್ಕನ್ನ ಮುಟ್ಟಿಸಿ ಕರಕೊಂಡು ಬಂದಂಥವು. ಇವನ್ನ ಹಾಕ್ಕೋರಿ.”

ಆಗ ಪ್ರಳಯಕಾಲದ ಸಿಡಿಲಿನಂತೆ, ಕುಲಗಿರಿಗಳು ನಡುಗುವಂತೆ, ದಿಗ್ಗಜಗಳು ಕಿವಿ ಮುಚ್ಚುವಂತೆ ವೀರನು ಗರ್ಜಿಸಿದ. ಆಡಿದ ಮಾತು ಮಾತ್ರ ಇಷ್ಟು: “ಆ ದೋಣಿ ಒಳಗಿಡು.” ಪಾರವ್ವನ ಹರಕೆಯಿಂದ ಉಳಿದ ಬಲಗೈಯಿಂದಲೇ ತೋರಿಸಿದ.

“ದೋಣಿ ಅಂತ ನಗಬ್ಯಾಡ್ರಿ. ಹೊಳಿ ದಾಟಬೇಕಾದ್ರ ದೋಣೀನ ಬೇಕು,” ಎಂದು ನೀಲವ್ವ ಅವನ್ನು ತನ್ನ ಗಂಟಿಗೆ ಸೇರಿಸಿದಳು.

ಯಾತ್ರೆ ಹೊರಟಿತು. ಮೊದಲ ದಿನ ಶ್ವೇತಪಾದುಕಾಧರನು ಯಾತ್ರೆಯ ಮುಂದೆ ಮಲ್ಲಯ್ಯನ ಅಲಂಕೃತ ಕಂಬಿ ಹೊತ್ತು ನಡೆಯುವವರನ್ನೂ ಹಿಂದೆ ಹಾಕಿದ. ಎರಡನೆಯ ದಿನ ಕಂಬಿಯ ಹಿಂದೆ ನಡೆದ. ಮೂರನೆಯ ಮಧ್ಯಾಹ್ನ ಬೇವಿನ ಮರವೊಂದರ ಕೆಳಗೆ ಕೂತವನು ಏಳಲಿಲ್ಲ. ಬೂಟು ಬಿಚ್ಚಲು ನೋಡಿದರೆ ಬರಲೊಲ್ಲವು! ಇಬ್ಬರು ಭಕ್ತರು ಬೂಟು ಹಿಡಿದು, ಇಬ್ಬರು ಹೆಗಲು ಹಿಡಿದು, ಸಮುದ್ರ ಕಡೆದ ದೇವದಾನವರಂತೆ ಜಗ್ಗಿದರು. ಅಮೃತ ಬರಲಿಲ್ಲ, ಬಂದದ್ದು ಊದಿ ಕೆಂಪಾಗಿ ಬೊಬ್ಬೆಯೆದ್ದ ಎರಡು ಪಾದಗಳು.

“ಮುಂದಿನ ಊರಾಗ ಬಸ್ ಸಿಗತೈತ್ರಿ,” ಎಂದ ಒಬ್ಬ ಮೆಲ್ಲಗೆ.

ಮುರಿಗೆಪ್ಪನಿಗೆ ಬಸ್ಸಿನ ಮಾತು ಎದೆಗೆ ಚುಚ್ಚಿತು. ಪಾರವ್ವನ ಹರಕೆ ಬಸ್ಸಿನಲ್ಲಿ ಮುಗಿಯಬೇಕೇ?

ನೀಲವ್ವ ಗಂಟು ಬಿಚ್ಚಿ ಚಪ್ಪಲಿಗಳನ್ನು ಮುಂದಿಟ್ಟಳು. ಊದಿದ ಪಾದ ಒಳಗೆ ಹೋಯಿತು. ಸರಿಯಾಗಿ ಕೂತಿತು. ಪಾರವ್ವನ ಹೆಬ್ಬೆರಳು ತುಳಿದು ಮಾಡಿದ ಕುಳಿಯಲ್ಲಿ ಅವನ ಹೆಬ್ಬೆರಳು ಕೂತಿತು.

“ಇದಕ್ಕಂತನ ದೊಡ್ಡವು ಹಾಕ್ಕೋತಿದ್ಲೇನು?”

“ಮೂರನೇ ದಿನಕ್ಕ ಯಾರ ಕಾಲು ಊದೂದಿಲ್ರಿ, ಮಾವಾರ? ಬೈಯೋ ಮುಂದ ಒಮ್ಮಿಯಾದ್ರೂ ಯಾಕಂತ ಕೇಳಿದ್ರೇನು?”

ವೀರನು ಸೀರೆಯ ಪಟ್ಟಿಯನ್ನು ತಾನೇ ಬಿಗಿದುಕೊಂಡು, ಲೇಸಿನಿಂದ ಬೂಟುಗಳನ್ನು ಹೆಗಲಿಗೆ ನೇತುಹಾಕಿ ಎದ್ದ.

ಮುಂದಿನ ಊರಿನಲ್ಲಿ ಭಕ್ತರಿಗೆ ಮಜ್ಜಿಗೆ ಹಂಚುತ್ತಿದ್ದ ಮುದುಕಿ ಕೇಳಿದಳು: “ಯಪ್ಪಾ, ಹೊಸಾ ಬೂಟು ಹೆಗಲಮ್ಯಾಲ ಹೊತ್ತೀಯಲ್ಲ?”

“ಅಳತಿ ತಪ್ಪೇತಿ, ಯವ್ವಾ,” ಎಂದು ಮಜ್ಜಿಗೆ ಕುಡಿದು, ಎರಡು ಹೆಜ್ಜೆ ನಡೆದ. ನೀಲವ್ವ ನೋಡುತ್ತಿದ್ದಳು. ಅವನು ನಿಂತು ಮುದುಕಿಯ ಕಡೆ ತಿರುಗಿದ.

“ಬೂಟಿಂದಲ್ಲ,” ಎಂದ. “ನಂದು.”