ಸೊಟ್ಟ ಎಸಳು

ಪಂಕಜಾ ಬಾಗಿಲಿಗೆ ನೀರು ಹಾಕಿ ರಂಗೋಲಿಯ ಮೊದಲ ಚುಕ್ಕಿ ಇಡುವಷ್ಟರಲ್ಲಿ ಮಾವ ನಾಗೇಂದ್ರಾಚಾರ್ ಮಹಡಿಯಿಂದ ಕೂಗಿದರು.

“ನನ್ನ ವಿಮಾನ ಬರ್ತಾ ಐತೆ ಕಣಮ್ಮಾ! ತಿಂಗಳೆಲ್ಲ ಬಾಹ್ಯಾಕಾಶದಾಗೆ ಭೂಮಿ ಸುತ್ತಿ, ನನ್ನ ಹೊಸ ಸೋಲಾರ್ ಹಾಳೆ ಪರೀಕ್ಷೆ ಮಾಡ್ಕೊಂಡು ತಾನೇ ಮನೆಗೆ ಬರ್ತಾ ಐತೆ! ಪೈಲಟ್ ಬೇಡ, ರನ್‌ವೇ ಬೇಡ. ನಮ್ಮ ಬಾಗಿಲ ರಂಗೋಲಿ ನೋಡಿ ಇಳೀತದೆ. ಮೈ ಒರೆಸಿ ಮತ್ತೆ ಹಾರಿಸ್ಬೋದು!”

ಪಂಕಜಾ ಗಡಿಬಿಡಿಯಲ್ಲಿ ರಂಗೋಲಿ ಮುಗಿಸಿ, ಆರು ವರ್ಷದ ಮಗಳು ಇಂಚರಳನ್ನು ಎಳೆದುಕೊಂಡು ಪಕ್ಕಕ್ಕೆ ಸರಿದಳು.

ಚಳ್ಳಕೆರೆಯ ಗಾಣದ ಬೀದಿಯ ಮೇಲೆ ಎಳಗರುವಿನಷ್ಟು ದೊಡ್ಡ ವಿಮಾನ ಕಾಣಿಸಿತು. ರಂಗೋಲಿಯನ್ನು ನೋಡಿತು, ಮೂಗು ಮುರಿಯಿತು, ಮುಂದೆ ಹೋಯಿತು! ಎದುರುಮನೆಯ ತಿಪ್ಪಕ್ಕ ಸಾಲಾಗಿ ಹರವಿದ್ದ ಹಸಿ ಹಪ್ಪಳದ ಮೇಲೆ ಇಳಿಯಿತು. ಇದೂ ಅಲ್ಲವೆಂದು ಹೊಟ್ಟೆಗೆ ಆರು ಹಪ್ಪಳ ಅಂಟಿಸಿಕೊಂಡು ಮೇಲೆದ್ದಿತು.

“ಆಚಾರ್ರೇ, ವಿಮಾನಕ್ಕೆ ಮನ್ಯಾಗೆ ಹೊಟ್ಟೆಗೆ ಹಾಕಲ್ವೇನ್ರೀ?” ತಿಪ್ಪಕ್ಕ ಸೊಂಟಕ್ಕೆ ಕೈಯಿಟ್ಟರು.

ಮಹಡಿಯಿಂದ ಓಡಿ ಬಂದ ಆಚಾರ್ರ ಮುಖ ಬಾಡಿತು. “ಇಂಧನ ಹತ್ತೇ ನಿಮಿಷಕ್ಕೈತೆ. ಬಿದ್ರೆ ಮೂರು ವರ್ಷದ ಕೆಲಸ ಮಣ್ಣುಪಾಲು!”

“ಅದಕ್ಕೆ ಯಾವ ರಂಗೋಲಿ ಕಲಿಸಿದ್ರಿ ಮಾವ?”

“ಯಾವುದು ಅಂದ್ರೆ? ನಿಮ್ಮತ್ತೆ ಹಾಕೋದು!”

ಅತ್ತೆ ತೀರಿಕೊಂಡು ಆರು ತಿಂಗಳಾಗಿತ್ತು. ಅವರ ಕಮಲವನ್ನು ಹಾಕಲು ಮನಸ್ಸು ಬಾರದೆ ಪಂಕಜಾ ತವರಿನ ರಂಗೋಲಿ ಹಾಕುತ್ತಿದ್ದಳು. ದಿನವೂ ಅದನ್ನು ದಾಟಿ ಓಡಾಡುವ ವಿಜ್ಞಾನಿಗೆ ಇದು ಗೊತ್ತೇ ಆಗಿರಲಿಲ್ಲ!

ಸರಸರನೆ ಅಳಿಸಿ ಕಮಲ ಬರೆದಳು. ವಿಮಾನ ಆಳೆತ್ತರಕ್ಕೆ ಬಂದು, ಅನುಮಾನಿಸಿ, ಮತ್ತೆ ಮೇಲೇರಿತು.

“ಅಮ್ಮಾ, ಇದು ತುಂಬ ಚೆಂದ ಆಗೈತೆ,” ಎಂದಳು ಇಂಚರ.

ಅಜ್ಜಿ ಹೋದಾಗಿನಿಂದ ಈ ಮಗು ಮಲಗುವಾಗ ಏನೋ ಕೇಳಲು ಬಾಯಿ ತೆರೆಯುವುದು, ಮುಚ್ಚಿಬಿಡುವುದು. ಪಂಕಜಾ ಒತ್ತಾಯ ಮಾಡಿರಲಿಲ್ಲ. ಈಗ ಅದು ಕುಕ್ಕರಗಾಲಲ್ಲಿ ಕೂತು, ಒಂದು ಎಸಳನ್ನು ಒರೆಸಿ ಸೊಟ್ಟಗೆ ಎಳೆಯಿತು. ಅಜ್ಜಿಯ ಹೆಬ್ಬೆರಳು ಮಡಚುತ್ತಿರಲಿಲ್ಲವಲ್ಲ, ಆ ಎಸಳು ಎಂದೂ ನೆಟ್ಟಗೆ ಬಂದದ್ದಿಲ್ಲ.

ಪಂಕಜಾ ಮಗಳನ್ನು ಬಾಚಿ ಎತ್ತಿಕೊಂಡಳು. ವಿಮಾನ ಸರ್ರನೆ ಬಂದು, ಕಾವಿಗೆ ಕೂತ ಕೋಳಿಯಂತೆ ಕಮಲದ ಮೇಲೆ ಕೂತಿತು! ಆಕಾಶದಿಂದ ಇಳಿದು ಬಂದ ಬಿಸಿ ಇನ್ನೂ ಆರದ ಹೊಟ್ಟೆಯ ಮೇಲೆ ಹಪ್ಪಳಗಳು ಹದವಾಗಿ ಬೆಂದಿದ್ದವು. ತಿಪ್ಪಕ್ಕ ಅಡಿಗೆ ಕೈ ತೂರಿಸಿ ಒಂದನ್ನು ಕಿತ್ತು, ಮುರಿದು ಬಾಯಿಗೆ ಹಾಕಿ, “ಖಾರ ಸ್ವಲ್ಪ ಕಮ್ಮಿ,” ಎಂದರು.

ಆಚಾರ್ರಿಗೆ ಸೋಲಾರ್ ಹಾಳೆಯ ನೆನಪೇ ಇರಲಿಲ್ಲ. ರೆಕ್ಕೆಯಡಿ ಇಣುಕುತ್ತಿದ್ದ ಸೊಟ್ಟ ಎಸಳನ್ನೇ ನೋಡುತ್ತ ನಿಂತಿದ್ದರು.

ಇಂಚರ ಅಮ್ಮನ ಕೊರಳು ಬಳಸಿದಳು.

“ಅಮ್ಮಾ, ದಿನಾ ಇದನ್ನೇ ಹಾಕಿದ್ರೆ ಅಜ್ಜೀನೂ ಬರ್ತಾಳಾ?”